ನಮ್ಮೂರಿನ ಪಿನ್‌ಕೋಡನ್ನು ಪೆನ್ಸಿಲ್ ಹಿಡಿದು ಬಿಚ್ಚಿ ನೋಡುದು ಹೇಗೆ

ಕಾಸರಗೋಡು ಪೇಟೆಯ ಪಿನ್‌ಕೋಡ್ 671121. ಕಾಗದ ಬರೆಯುವ ಕಾಲದಿಂದ ಈಗ ಆನ್‌ಲೈನ್ ಆರ್ಡರ್ ಹಾಕುವ ವರೆಗೆ ಎಷ್ಟು ಸಾವಿರ ಸಲ ಬರೆದಿದ್ದೇವೋ ಲೆಕ್ಕ ಇಲ್ಲ, ಕಣ್ಣು ಮುಚ್ಚಿದ್ರೂ ಕೈ ಬರೀತದೆ. ಆದ್ರೆ ಅದೊಂದು ಸಂಖ್ಯೆ, ಆರು ಲಕ್ಷದ ಎಪ್ಪತ್ತೊಂದು ಸಾವಿರದ ನೂರ ಇಪ್ಪತ್ತೊಂದು, ಅದಕ್ಕೂ ಒಂದು ಒಳಗು ಉಂಟು ಅಂತ ನೋಡಿದವರು ಕಮ್ಮಿ. ಕಳೆದ ರಜೆಯಲ್ಲಿ ಏಳನೇ ಕ್ಲಾಸಿನ ನನ್ನ ತಂಗಿ ಮಗಳು ಅಪವರ್ತನದ ಲೆಕ್ಕ, ಅಂದ್ರೆ ಯಾವ ಸಂಖ್ಯೆಗಳನ್ನು ಗುಣಿಸಿದ್ರೆ ಇದು ಬರ್ತದೆ ಅಂತ ಬಿಚ್ಚಿ ನೋಡುವ ಲೆಕ್ಕ, ಮಾಡ್ತಾ ಕೂತಿದ್ಳು, ಪುಸ್ತಕದಲ್ಲಿ ಎಲ್ಲ 36, 48, 120 ಇಂಥದ್ದೇ. "ಮಾವ, ದೊಡ್ಡದು ಕೊಟ್ರೆ ಆಗುದಿಲ್ವಾ?" ಅಂತ ಕೇಳಿದ್ಳು. ಆಗ್ತದೆ ಅಂತ ಹೇಳಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ 671121 ಬರೆದು ಕೊಟ್ಟೆ. ಆ ಮಧ್ಯಾಹ್ನ ನಾವಿಬ್ರೂ ಜಗಲಿಯಲ್ಲಿ ಕೂತು ಮಾಡಿದ್ದನ್ನೇ ಇಲ್ಲಿ ಬರೀತಿದ್ದೇನೆ, ನೀವೂ ಮಾಡ್ಬಹುದು, ಮಗ್ಗಿ ಮತ್ತೆ ಭಾಗಾಕಾರ ಬಂದ್ರೆ ಸಾಕು.

ಮೊದ್ಲು ಈ ಸಂಖ್ಯೆ ಎಲ್ಲಿಂದ ಬಂತು ಅಂತ ಎರಡು ಮಾತು. ಪಿನ್‌ಕೋಡ್ ಶುರು ಆದದ್ದು 1972ರ ಆಗಸ್ಟ್ 15ಕ್ಕೆ, ಅದರ ಹಿಂದೆ ಇದ್ದವರು ಶ್ರೀರಾಮ ಭಿಕಾಜಿ ವೇಲಣಕರ್, ಅವರು ಸಂಸ್ಕೃತ ಕವಿಯೂ ಹೌದು. ಮೊದಲ್ನೇ 6 ಅಂದ್ರೆ ಕೇರಳ ತಮಿಳುನಾಡು ಕಡೆ, ಮೊದಲ ಮೂರು ಅಂಕಿ ಸೇರಿ ಕಾಗದ ವಿಂಗಡಿಸುವ ಜಿಲ್ಲೆ, ಕಡೇ ಮೂರು ಆ ಪೋಸ್ಟ್ ಆಫೀಸಿಂದು. ಅಂದ್ರೆ ಇದನ್ನು ಕೊಟ್ಟವರು ಗಣಿತದ ಗುಣ ನೋಡಿ ಕೊಟ್ಟದ್ದಲ್ಲ, ಸಾಲಿನಲ್ಲಿ ಬಂದ ನಂಬರು. ಆದ್ರೂ ಒಳಗೆ ಏನೇನುಂಟು ನೋಡಿ.

ಮೊದಲ್ನೇ ಕೆಲಸ, ಕಡೇ ಅಂಕಿ ನೋಡುದು. 1ರಲ್ಲಿ ಮುಗೀತದೆ, ಹಾಗಾಗಿ 2ರಿಂದಲೂ 5ರಿಂದಲೂ ಭಾಗ ಹೋಗುದಿಲ್ಲ. ಅಷ್ಟೇ, ಮುಂದೆ ಹೋಗುವಾ.

ಎರಡನೇದು ಅಂಕಿ ಕೂಡಿಸುದು. 6+7+1+1+2+1, ಒಟ್ಟು 18. ಈ ಮೊತ್ತ 3ರಿಂದ ಭಾಗ ಹೋದ್ರೆ ಸಂಖ್ಯೆಯೂ 3ರಿಂದ ಹೋಗ್ತದೆ, 9ರಿಂದ ಹೋದ್ರೆ 9ರಿಂದಲೂ ಹೋಗ್ತದೆ. ಇದನ್ನು ಶಾಲೆಯಲ್ಲಿ ನಿಯಮ ಅಂತ ಬಾಯಿಪಾಠ ಮಾಡಿಸ್ತಾರೆ, ಯಾಕೆ ಅಂತ ಹೇಳುವವರು ಕಮ್ಮಿ, ಹಾಗಾಗಿ ನಾನು ಇಲ್ಲೇ ಹೇಳಿಬಿಡ್ತೇನೆ: 10 ಅಂದ್ರೆ 9ಕ್ಕಿಂತ 1 ಜಾಸ್ತಿ, 100 ಅಂದ್ರೆ 99ಕ್ಕಿಂತ 1 ಜಾಸ್ತಿ, 1000 ಅಂದ್ರೆ 999ಕ್ಕಿಂತ 1 ಜಾಸ್ತಿ. ಆರು ಲಕ್ಷವನ್ನು 9 9ರ ಕಟ್ಟು ಮಾಡಿ ಇಟ್ರೆ ಕಡೆಗೆ ಕೈಯಲ್ಲಿ ಉಳಿಯುದು 6. ಎಪ್ಪತ್ತು ಸಾವಿರದ್ದು ಕಟ್ಟಿದ್ರೆ ಉಳಿಯುದು 7. ಹೀಗೆ ಪ್ರತಿ ಸ್ಥಾನದಿಂದ ಉಳಿದದ್ದು ಆ ಅಂಕಿಯೇ. ಉಳಿದದ್ದನ್ನೆಲ್ಲ ಒಟ್ಟು ಮಾಡಿದ್ರೆ ಅಂಕಿಗಳ ಮೊತ್ತ ಬರ್ತದೆ, ಅದೂ 9ರ ಕಟ್ಟಾಗಿ ಮುಗಿದ್ರೆ ಎಲ್ಲಾ ಮುಗೀತು. ತಂಗಿ ಮಗಳಿಗೆ ಇದನ್ನು ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ ತಂದು 10 10ರ ಸಾಲು ಮಾಡಿ ತೋರಿಸಿದೆ, ಪ್ರತಿ ಸಾಲಿಂದ ಒಂದೊಂದು ಅಡಿಕೆ ಆಚೆ ಇಡ್ಲಿಕ್ಕೆ ಹೇಳಿದೆ, ಮೂರನೇ ಸಾಲಿಗೆ ಬರುವಾಗ ಅವಳಿಗೇ ಗೊತ್ತಾಯ್ತು.

18 ಬಂತಲ್ಲ, ಹಾಗಾದ್ರೆ 9ರಿಂದ ಹೋಗ್ತದೆ. 671121 ÷ 9 = 74569. ಇದರ ಅಂಕಿ ಕೂಡಿಸಿದ್ರೆ 31, ಮೂರರ ಲೆಕ್ಕ ಇಲ್ಲಿಗೆ ಮುಗೀತು.

ಮೂರನೇ ಕೆಲಸ ನನಗೆ ತುಂಬಾ ಇಷ್ಟದ್ದು. 7, 11, 13 ಈ ಮೂರನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ನೋಡಿಬಿಡ್ಲಿಕ್ಕೆ ಆಗ್ತದೆ, ಯಾಕಂದ್ರೆ 7 × 11 × 13 = 1001. ಮೂಲ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ತುಂಡು ಮಾಡಿ, 671 ಮತ್ತೆ 121. ದೊಡ್ಡದರಿಂದ ಚಿಕ್ಕದು ಕಳೀರಿ, 550. ಈ 550 ಯಾವುದರಿಂದ ಭಾಗ ಹೋಗ್ತದೋ ಈ ಮೂರರಲ್ಲಿ ಅದರಿಂದಲೇ ಪೂರ್ತಿ ಸಂಖ್ಯೆಯೂ ಹೋಗ್ತದೆ. 550 ಅಂದ್ರೆ 11 × 50, ಏಳರಿಂದ ಹೋಗುದಿಲ್ಲ, ಹದಿಮೂರರಿಂದಲೂ ಹೋಗುದಿಲ್ಲ. ಕಾರಣ ಮೊದಲಿನದ್ದರ ಹಾಗೆಯೇ, 1000 ಅಂದ್ರೆ 1001ಕ್ಕಿಂತ 1 ಕಮ್ಮಿ, ಹಾಗಾಗಿ 671 ಸಾವಿರವನ್ನು 671 ಸಲ 1001 ಅಂತ ಹಿಡಿದ್ರೆ 671 ಜಾಸ್ತಿ ಹಿಡಿದ ಹಾಗೆ ಆಗ್ತದೆ, ಅದನ್ನು ವಾಪಸ್ ಕಳೀಬೇಕು, ಕೈಯಲ್ಲಿ ಇರುದು 121 ಮಾತ್ರ.

ಈಗ 74569 ÷ 11 = 6779. ಒಂಬತ್ತೂ ಹನ್ನೊಂದೂ ಸೇರಿದ್ರೆ 99, ಹಾಗಾಗಿ 671121 = 99 × 6779. ಇದನ್ನು ಬಾಯಲ್ಲೇ ತಾಳೆ ನೋಡ್ಬಹುದು, 677900ರಿಂದ 6779 ಕಳೆದ್ರೆ ಸರಿಯಾಗಿ 671121 ಬರ್ತದೆ. ಅವಳು ಇದನ್ನು ಎರಡು ಸಲ ಕಳೆದು ನೋಡಿದ್ಳು, ಎರಡು ಸಲವೂ ಬಂತು, ಮತ್ತೆ ಓಡಿ ಹೋಗಿ ಅಡಿಗೆ ಕೋಣೆಯಲ್ಲಿದ್ದ ಅಜ್ಜಿಗೆ ತೋರಿಸಿ ಬಂದ್ಳು.

ಇನ್ನು ಉಳಿದದ್ದು 6779. ಕಷ್ಟದ ಕೆಲಸ ಇದು, ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಕೂರ್ಬೇಕು. ಎಲ್ಲಿಯ ವರೆಗೆ ಭಾಗಿಸಿ ನೋಡ್ಬೇಕು ಅಂತ ಮೊದ್ಲು ತೀರ್ಮಾನ ಮಾಡ್ಬೇಕು, ಇಲ್ಲದ್ರೆ ಮುಗಿಯುದೇ ಇಲ್ಲ. 82 × 82 = 6724, 83 × 83 = 6889. 6779 ಎರಡು ಸಂಖ್ಯೆಯ ಗುಣಲಬ್ಧ ಆಗಿದ್ರೆ ಆ ಎರಡೂ 83 ಅಥವಾ ಅದಕ್ಕಿಂತ ದೊಡ್ಡದು ಆಗ್ಲಿಕ್ಕೆ ಸಾಧ್ಯವೇ ಇಲ್ಲ, ಒಂದಾದ್ರೂ 82ರ ಒಳಗೆ ಇರ್ಲೇಬೇಕು. ಹಾಗಾಗಿ 82ರ ವರೆಗೆ ಹುಡುಕಿದ್ರೆ ಸಾಕು, ಅದರಲ್ಲೂ ಅವಿಭಾಜ್ಯ ಸಂಖ್ಯೆ (1ರಿಂದ ಮತ್ತೆ ತನ್ನಿಂದಲೇ ಬಿಟ್ರೆ ಬೇರೆ ಯಾವುದರಿಂದಲೂ ಭಾಗ ಹೋಗದ್ದು) ಮಾತ್ರ, ಯಾಕಂದ್ರೆ 15ರಿಂದ ಹೋಗುವಂಥದ್ದು 3ರಿಂದ ಮೊದಲೇ ಹೋಗಿರ್ತದೆ. 82ರ ಒಳಗೆ ಅವಿಭಾಜ್ಯ 22 ಉಂಟು. 2, 3, 5 ಆಗ್ಲೇ ಬಿಟ್ಟಾಯ್ತು. 7, 11, 13ಕ್ಕೆ ಮತ್ತೆ ಅದೇ ಉಪಾಯ, 779ರಿಂದ 6 ಕಳೆದ್ರೆ 773, ಅದು ಈ ಮೂರರಲ್ಲಿ ಒಂದರಿಂದಲೂ ಹೋಗುದಿಲ್ಲ. ಉಳಿದದ್ದು 17ರಿಂದ 79ರ ವರೆಗೆ 16 ಭಾಗಾಕಾರ.

ಈ ಹದಿನಾರನ್ನು ಅವಳ ಕೈಗೆ ಕೊಟ್ಟೆ. 17ಕ್ಕೆ ಶೇಷ 13, 19ಕ್ಕೆ 15, 23ಕ್ಕೆ 17, 29ಕ್ಕೆ 22, 31ಕ್ಕೆ 21. 37ಕ್ಕೆ ಬರುವಾಗ "ಮಾವ, ಸಿಕ್ಕಿತು!" ಅಂತ ಕೂಗಿದ್ಳು. 37 × 183 = 6779 ಅಂತ ಬರೆದಿದ್ಳು. ನನಗೆ ಅದು ತಪ್ಪು ಅಂತ ಗೊತ್ತಿತ್ತು, ಹೇಳ್ಲಿಲ್ಲ, 9ರ ಲೆಕ್ಕದಲ್ಲಿ ತಾಳೆ ನೋಡು ಅಂತ ಮಾತ್ರ ಹೇಳಿದೆ. ಅದು ಹೀಗೆ: 37ರ ಅಂಕಿ ಕೂಡಿಸಿದ್ರೆ 10, ಮತ್ತೆ ಕೂಡಿಸಿದ್ರೆ 1. 183ರದ್ದು 12, ಅಂದ್ರೆ 3. ಒಂದು ಮೂರ್ಲಿ ಮೂರು, ಹಾಗಾಗಿ ಉತ್ತರದ ಅಂಕಿ ಕೂಡಿಸಿದ್ರೂ 3 ಬರ್ಬೇಕು. 6779ರದ್ದು 29, ಮತ್ತೆ 11, ಮತ್ತೆ 2. ಬರ್ಲಿಲ್ಲ. ಅವಳು ಹಾಳೆಯನ್ನು ಕಣ್ಣ ಹತ್ರ ಹಿಡಿದು ಒಂದೊಂದು ಸಾಲು ನೋಡಿದ್ಳು. 183 ಏಳ್ಲಿ 1281 ಸರಿಯಾಗಿಯೇ ಬರೆದಿದ್ಳು, ಆದ್ರೆ ಅವಳು 1ಕ್ಕೆ ಮೇಲೆ ಉರುಟು ಕೊಕ್ಕೆ ಹಾಕ್ತಾಳೆ, ಕೂಡಿಸುವಾಗ ಅದು 9ರ ಹಾಗೆ ಕಂಡು 1289 ಅಂತ ಹಿಡಿದಿದ್ಳು. ಸರಿಯಾದ ಗುಣಲಬ್ಧ 6771, ಶೇಷ 8. ಹೀಗೆ ತನ್ನ ತಪ್ಪನ್ನು ತಾನೇ ಹಿಡಿಯುವ ಕ್ಷಣ ಉಂಟಲ್ಲ, ಕ್ಯಾಲ್ಕುಲೇಟರ್ ಒತ್ತಿದ್ರೆ ಅದು ಸಿಗುದಿಲ್ಲ. ಅಂಗಡಿ ಬಿಲ್ಲಿನ ಗುಣಾಕಾರ, ತೂಕಕ್ಕೆ ರೇಟು ಹಾಕಿದ್ದು, ಎಲ್ಲದಕ್ಕೂ ಈ 9ರ ತಾಳೆ ನಡೀತದೆ. ತಾಳೆ ಆದ ಕೂಡ್ಲೆ ಉತ್ತರ ಸರಿ ಅಂತ ಖಾತ್ರಿ ಇಲ್ಲ, ತಾಳೆ ಆಗದಿದ್ರೆ ತಪ್ಪು ಅಂತ ಖಾತ್ರಿ.

ಉಳಿದದ್ದು ಬೇಗ ಮುಗೀತು. 79ಕ್ಕೆ ಶೇಷ 64, ಒಂದರಿಂದಲೂ ಹೋಗ್ಲಿಲ್ಲ. ಅಂದ್ರೆ 6779 ಅವಿಭಾಜ್ಯ, ಇನ್ನು ಒಡೆಯುದಿಲ್ಲ. ಹಾಗಾಗಿ 671121 = 3 × 3 × 11 × 6779, ಇದನ್ನು ಯಾರು ಎಲ್ಲಿ ಕೂತು ಬಿಚ್ಚಿದ್ರೂ ಇದೇ ತುಂಡುಗಳು ಸಿಗುದು, ಬೇರೆ ಸೆಟ್ಟು ಸಿಗ್ಲಿಕ್ಕೇ ಇಲ್ಲ.

ತುಂಡು ಕೈಗೆ ಸಿಕ್ಕಿದ ಮೇಲೆ ಬೇರೆ ಸುಮಾರು ವಿಷಯ ಪುಕ್ಕಟೆ ಸಿಗ್ತದೆ. ಎಷ್ಟು ಭಾಜಕ, ಅಂದ್ರೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆ, ಉಂಟು? 3ನ್ನು ಶೂನ್ಯ ಸಲ, ಒಂದು ಸಲ ಅಥವಾ ಎರಡು ಸಲ ತಗೊಳ್ಬಹುದು, ಮೂರು ದಾರಿ. 11ನ್ನು ತಗೊಳ್ಬಹುದು ಅಥವಾ ಬಿಡ್ಬಹುದು, 6779ನ್ನೂ ಹಾಗೆ. 3 × 2 × 2, ಹನ್ನೆರಡು. 1, 3, 9, 11, 33, 99, ಮತ್ತೆ ಈ ಆರನ್ನೂ 6779ರಿಂದ ಗುಣಿಸಿದ್ರೆ ಬರುವ 6779, 20337, 61011, 74569, 223707, 671121. ಅಷ್ಟು ಅಡಿಕೆ ಅಂಗಳದಲ್ಲಿ ಉಂಟು ಅಂತ ಇಟ್ಟುಕೊಳ್ಳಿ, ಒಂದೂ ಮಿಗದ ಹಾಗೆ ಸಮ ಸಾಲು ಮಾಡ್ಬೇಕಾದ್ರೆ ಸಾಲುಗಳ ಲೆಕ್ಕಕ್ಕೆ ಈ ಹನ್ನೆರಡೇ ದಾರಿ.

ಭಾಜಕಗಳ ಮೊತ್ತಕ್ಕೂ ಹೀಗೇ, (1+3+9) × (1+11) × (1+6779), ಅಂದ್ರೆ 13 × 12 × 6780 = 1057680. ಇದರಿಂದ ಸಂಖ್ಯೆಯನ್ನೇ ಕಳೆದ್ರೆ 386559, ಸಂಖ್ಯೆಗಿಂತ ಕಮ್ಮಿ. 6ಕ್ಕೆ ಹೀಗೆ ಮಾಡಿದ್ರೆ 1+2+3, ಸರೀ 6 ಬರ್ತದೆ, 28ಕ್ಕೂ 496ಕ್ಕೂ 8128ಕ್ಕೂ ಹಾಗೇ ಬರ್ತದೆ, ಅಂಥದ್ದಕ್ಕೆ ಪರಿಪೂರ್ಣ ಸಂಖ್ಯೆ ಅಂತ ಹೆಸರು. ಕಾಸರಗೋಡಿಂದು ಕೊರತೆಯ ಜಾತಿ.

ಇಷ್ಟಾದ ಮೇಲೆ ಅವಳು ಬಿಡ್ತಾಳಾ, ಕುಂಬಳೆದ್ದು ಉಪ್ಪಳದ್ದು ಮಂಜೇಶ್ವರದ್ದು ಎಲ್ಲಾ ಬೇಕು ಅಂತ ಕೂತ್ಳು. ಈ ಮೂರು ಊರಿಂದು ಒಂದರ ಹಿಂದೆ ಒಂದು, 671321, 671322, 671323. ರೈಲಿನಲ್ಲಿ ಹೋಗುವಾಗಲೂ ಅದೇ ಸಾಲಿನಲ್ಲಿ ಬರ್ತವೆ. ಪಕ್ಕ ಪಕ್ಕದ ಮೂರು ಸಂಖ್ಯೆ, ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. ಕುಂಬಳೆಗೆ 671ರಿಂದ 321 ಕಳೆದ್ರೆ 350, ಕೂಡ್ಲೆ ಗೊತ್ತಾಗ್ತದೆ 7ರಿಂದ ಹೋಗ್ತದೆ ಅಂತ, ಪೂರ್ತಿ ಬಿಚ್ಚಿದ್ರೆ 7 × 29 × 3307. ಉಪ್ಪಳದ್ದು ಸಮ ಸಂಖ್ಯೆ, 2 × 3 × 127 × 881. ಉಪ್ಪಳದ ಭಾಜಕ 16, ಸಂಖ್ಯೆಯನ್ನು ಬಿಟ್ಟು ಉಳಿದದ್ದರ ಮೊತ್ತ 683430, ಸಂಖ್ಯೆಗಿಂತಲೇ ಜಾಸ್ತಿ, ಅಂದ್ರೆ ಇದು ಕಾಸರಗೋಡಿನ ತದ್ವಿರುದ್ಧ, ತುಂಬಿ ತುಳುಕುವ ಜಾತಿ. 6ಕ್ಕಿಂತ ದೊಡ್ಡದಾದ 6ರ ಮಗ್ಗಿಯ ಯಾವ ಸಂಖ್ಯೆ ತಗೊಂಡ್ರೂ ಹೀಗೇ ಆಗ್ತದೆ, ಅರ್ಧ, ಮೂರನೇ ಒಂದು, ಆರನೇ ಒಂದು ಸೇರಿಯೇ ಪೂರ್ತಿ ಒಂದಾಗ್ತದೆ, ಉಳಿದ ಭಾಜಕ ಎಲ್ಲ ಮೇಲಿಂದ.

ಮಂಜೇಶ್ವರ 671323. ಅಂಕಿ ಮೊತ್ತ 22, ಮೂರು ಇಲ್ಲ. 671ರಿಂದ 323 ಕಳೆದ್ರೆ 348, ಏಳೂ ಇಲ್ಲ ಹನ್ನೊಂದೂ ಇಲ್ಲ ಹದಿಮೂರೂ ಇಲ್ಲ. 819 × 819 = 670761, ಹಾಗಾಗಿ 819ರ ವರೆಗೆ ಹೋಗ್ಬೇಕು, ಅಷ್ಟರೊಳಗೆ ಅವಿಭಾಜ್ಯ 141 ಉಂಟು, ಆರು ಬಿಟ್ರೂ 135 ಭಾಗಾಕಾರ. ಇದನ್ನು ಒಂದೇ ದಿನ ಮಾಡ್ಲಿಕ್ಕೆ ಹೋಗ್ಬೇಡಿ, ತಲೆ ಓಡುದಿಲ್ಲ, ತಪ್ಪು ಬರ್ತದೆ. ದಿನಕ್ಕೆ ಇಪ್ಪತ್ತರ ಹಾಗೆ ಮಾಡಿ, ಪ್ರತಿಯೊಂದರ ಶೇಷ ಬರೆದಿಡಿ. ಪಕ್ಕದ ಊರು ಸಹಾಯಕ್ಕೆ ಬರ್ತದೆ, 29ರಿಂದ ಕುಂಬಳೆ ಹೋಗ್ತದೆ ಅಂತ ಗೊತ್ತುಂಟಲ್ಲ, ಹಾಗಾದ್ರೆ ಎರಡು ಮುಂದಿನ ಮಂಜೇಶ್ವರಕ್ಕೆ ಶೇಷ 2, ಭಾಗಿಸುದೇ ಬೇಡ. 127ರಿಂದ ಉಪ್ಪಳ ಹೋಗ್ತದೆ, ಮಂಜೇಶ್ವರಕ್ಕೆ ಶೇಷ 1. ಹೀಗೆ ಕಡೇ 811ರ ವರೆಗೆ ಹೋದ್ರೂ ಒಂದರಿಂದಲೂ ಭಾಗ ಹೋಗುದಿಲ್ಲ, 811ಕ್ಕೆ ಶೇಷ 626. ಮಂಜೇಶ್ವರದ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆ! ಅಲ್ಲಿಯವರು ಯಾರಾದ್ರೂ ಇದನ್ನು ಓದ್ತಿದ್ರೆ ನಿಮ್ಮ ಮಕ್ಕಳಿಗೆ ಇವತ್ತೇ ಹೇಳಿ, ಇದು ಹೇಳಿಕೊಳ್ಳುವಂಥ ವಿಷಯವೇ.

ಉಪ್ಪಳದ ಒಳಗಿನ 127 ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗ್ಲಿಕ್ಕೆ ಮನಸ್ಸಿಲ್ಲ. 2ನ್ನು ಏಳು ಸಲ ಗುಣಿಸಿ 1 ಕಳೆದ್ರೆ 127, ಅದು ಅವಿಭಾಜ್ಯ. ಈ ಜಾತಿಗೆ ಮೆರ್ಸೆನ್ ಅವಿಭಾಜ್ಯ ಅಂತ ಹೇಳ್ತಾರೆ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ ದಾಖಲೆಯ ಅವಿಭಾಜ್ಯವೂ ಇದೇ ಜಾತಿದ್ದು, 2ನ್ನು 136279841 ಸಲ ಗುಣಿಸಿ 1 ಕಳೆದದ್ದು, ಬರೆದ್ರೆ 4,10,24,320 ಅಂಕಿ. ನಾವು ಮಾಡಿದ ಹಾಗೆ ಒಂದೊಂದರಿಂದ ಭಾಗಿಸಿ ನೋಡುದು ಅಷ್ಟು ದೊಡ್ಡದಕ್ಕೆ ನಡೆಯುದಿಲ್ಲ, ಅದಕ್ಕೆ ಬೇರೆ ಪರೀಕ್ಷೆಗಳುಂಟು. ಇನ್ನು ಎರಡು ದೊಡ್ಡ ಅವಿಭಾಜ್ಯವನ್ನು ಗುಣಿಸುದು ಸುಲಭ, ಗುಣಿಸಿದ್ದನ್ನು ವಾಪಸ್ ಬಿಚ್ಚುದು ಭಾರೀ ಕಷ್ಟ, ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ಪದ್ಧತಿ ನಿಂತದ್ದೇ ಇದರ ಮೇಲೆ. 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು ಬಿಚ್ಚಿದ್ದು 2020ರಲ್ಲಿ, ಅದಕ್ಕೆ ತುಂಬಾ ಕಂಪ್ಯೂಟರ್ ಸೇರಿ ತಿಂಗಳುಗಟ್ಟಲೆ ಕೆಲಸ ಮಾಡ್ಬೇಕಾಯ್ತು. 6779ಕ್ಕೆ ಹದಿನಾರು ಭಾಗಾಕಾರ ಮಾಡಿದವರಿಗೆ ಆ ಕಷ್ಟ ಎಂತದ್ದು ಅಂತ ಕೈಗೇ ಗೊತ್ತಿರ್ತದೆ.

ಇನ್ನು ನಿತ್ಯಕ್ಕೆ ಉಪಯೋಗ ಆಗುವ ಒಂದು ವಿಷಯ. ಎರಡು ವರ್ಷದ ಹಿಂದೆ ನನ್ನದೊಂದು ಪಾರ್ಸೆಲ್ ಹದಿನೈದು ದಿನ ಎಲ್ಲೆಲ್ಲೋ ತಿರುಗಿ ಬಂತು, ಕಳಿಸಿದವರು 671121 ಬದಲು 671211 ಅಂತ ಬರೆದಿದ್ರು, ಒಂದೂ ಎರಡೂ ಅದಲು ಬದಲು. ಅಂಕಿ ಕೂಡಿಸಿದ್ರೆ ಇದಕ್ಕೂ 18, 9ರ ತಾಳೆಗೆ ಈ ತಪ್ಪು ಗೊತ್ತೇ ಆಗುದಿಲ್ಲ, ಯಾಕಂದ್ರೆ ಅಂಕಿ ಅವೇ, ಜಾಗ ಮಾತ್ರ ಬೇರೆ. 11ರಲ್ಲಿ ನೋಡಿ, ಬಲದಿಂದ ಒಂದು ಕೂಡಿಸಿ ಒಂದು ಕಳೀತಾ ಬನ್ನಿ. ಸರಿಯಾದ್ದಕ್ಕೆ 1−2+1−1+7−6 = 0, ಅಂದ್ರೆ 11ರಿಂದ ಭಾಗ ಹೋಗ್ತದೆ. ತಪ್ಪಾದ್ದಕ್ಕೆ 1−1+2−1+7−6 = 2, ಭಾಗ ಹೋಗುದಿಲ್ಲ. ಸಿಕ್ಕಿಬಿತ್ತು. ಪಕ್ಕದ ಎರಡು ಬೇರೆ ಬೇರೆ ಅಂಕಿ ಅದಲು ಬದಲಾದ್ರೆ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸದಲ್ಲಿ 11 ಎಂದಿಗೂ ಸೇರಿರುದಿಲ್ಲ, ಒಂದೇ ಅಂಕಿ ತಪ್ಪಿದ್ರೂ ಸೇರಿರುದಿಲ್ಲ. ಅಂದ್ರೆ ಕಾಸರಗೋಡಿನ ಪಿನ್‌ಕೋಡಿನಲ್ಲಿ ಯಾವುದೋ ಒಂದು ಅಂಕಿ ತಪ್ಪಿದ್ರೂ, ಪಕ್ಕದ ಎರಡು ಅಂಕಿ ಹಿಂದೆ ಮುಂದೆ ಆದ್ರೂ, ಅದು 11ರಿಂದ ಭಾಗ ಹೋಗುದು ನಿಂತುಬಿಡ್ತದೆ. ಪಿನ್‌ಕೋಡಿಗೆ ಇದು ತನ್ನಷ್ಟಕ್ಕೆ ಬಂದದ್ದು. ಹಳೇ ಪುಸ್ತಕದ ಹಿಂದೆ ಇರುವ ಹತ್ತು ಅಂಕಿಯ ಐಎಸ್‌ಬಿಎನ್‌ನಲ್ಲಿ ಬೇಕಂತಲೇ ಇದನ್ನು ಇಟ್ಟಿದ್ರು, ಕಡೇ ಅಂಕಿ 10 ಬರ್ಬೇಕಾದಲ್ಲಿ ಎಕ್ಸ್ ಅಂತ ಹಾಕ್ತಿದ್ರು, ನಿಮ್ಮ ಕಪಾಟಿನಲ್ಲಿ 2007ಕ್ಕಿಂತ ಮೊದಲಿನ ಪುಸ್ತಕ ಇದ್ರೆ ತೆಗೆದು ನೋಡಿ. ಆಧಾರ್ ನಂಬರಿನ ಹನ್ನೆರಡನೇ ಅಂಕಿಯೂ ಇಂಥ ಕಾವಲಿನ ಅಂಕಿಯೇ, ಅದರ ಪದ್ಧತಿ ಬೇರೆ, ವರ್ಹೂಫ್ ಅಂತ ಡಚ್ ಗಣಿತಜ್ಞ ಮಾಡಿದ್ದು.

ಸಂಖ್ಯೆಯ ಚಂದ ನೋಡುದು ನಮ್ಮ ಕನ್ನಡ ನಾಡಿಗೆ ಹೊಸತಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಗಣಿತಜ್ಞ ಮಹಾವೀರಾಚಾರ್ಯರು ಗುಣಿಸಿದ್ರೆ ಕೊರಳಿನ ಹಾರದ ಹಾಗೆ ಕಾಣುವ ಸಂಖ್ಯೆಗಳನ್ನು ಲೆಕ್ಕವಾಗಿ ಕೊಟ್ಟಿದ್ದಾರೆ, 139 × 109 ಮಾಡಿ ನೋಡಿ, 15151, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ. ಇದನ್ನು ತೋರಿಸಿದ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಕ್ಯಾಲೆಂಡರ್ ಹಾಳೆ ಸಾಕಾಗ್ಲಿಲ್ಲ.

ಈಗ ನಿಮ್ಮ ಸರದಿ. ಬದಿಯಡ್ಕದವರು ಇದ್ರೆ 671551 ತಗೊಳ್ಳಿ, ಬೇರೆ ಊರಿನವರು ನಿಮ್ಮದನ್ನು ತಗೊಳ್ಳಿ. ಬದಿಯಡ್ಕದ್ದಕ್ಕೆ ಅಂಕಿ ಮೊತ್ತ 25, ಮೂರು ಇಲ್ಲ. 671ರಿಂದ 551 ಕಳೆದ್ರೆ 120, ಏಳೂ ಇಲ್ಲ ಹನ್ನೊಂದೂ ಇಲ್ಲ ಹದಿಮೂರೂ ಇಲ್ಲ. 17ರ ಮಗ್ಗಿ ಹತ್ರ ಇಟ್ಟುಕೊಳ್ಳಿ, ಮೊದಲ್ನೇ ಭಾಗಾಕಾರದಲ್ಲೇ ಸಿಗ್ತದೆ, 39503. ಅದರ ವರ್ಗಮೂಲ 198 ಚಿಲ್ಲರೆ, ಹಾಗಾಗಿ 197ರ ವರೆಗೆ ಹೋಗ್ಬೇಕು, 17ನ್ನೇ ಇನ್ನೊಂದು ಸಲ ಸೇರಿಸಿ ಒಟ್ಟು 39 ಭಾಗಾಕಾರ. ಶೇಷ ಎಲ್ಲ ಬರೆದಿಡಿ, ಮತ್ತೆ 1 ಬರೆಯುವಾಗ ಕೊಕ್ಕೆ ಹಾಕ್ಬೇಡಿ.